ಸಂಗಾತಿಯೇ ಹೊಡೆದಾಗ: ಸಲಿಂಗ ಸಂಬಂಧದೊಳಗಿನ ಹಿಂಸೆಯಿಂದ ಹೊರಬರಲು ಹಂತ ಹಂತದ ಮಾರ್ಗದರ್ಶಿ

ರಾತ್ರಿ ಹನ್ನೊಂದೂವರೆ ಹೊತ್ತಿಗೆ ಫೋನ್ ಬಂತು. ಆ ಕಡೆಯ ಹುಡುಗಿ ಬಚ್ಚಲುಮನೆಯ ಚಿಲಕ ಹಾಕಿಕೊಂಡು, ಮಾತು ಹೊರಗೆ ಕೇಳಬಾರದೆಂದು ನಲ್ಲಿ ಬಿಟ್ಟಿದ್ದಳು. ಬಕೆಟ್ ತುಂಬಿ ನೀರು ನೆಲಕ್ಕೆ ಸುರಿಯುವ ಸದ್ದಿನ ನಡುವೆ ಅವಳು ಕೇಳಿದ್ದು ಇಷ್ಟೇ: "ಅಕ್ಕಾ, ಏನಂತ ಹೇಳ್ಕೊಂಡು ಸ್ಟೇಷನ್ನಿಗೆ ಹೋಗ್ಲಿ? ಗಂಡ ಹೊಡೆದ ಅನ್ನೋ ಹಾಗಿಲ್ಲ. ಅವಳು ನಿನಗೇನಾಗಬೇಕು ಅಂತ ಕೇಳಿದ್ರೆ?"

ಬೆಂಗಳೂರಿನಲ್ಲಿ ನಮ್ಮಂಥವರು ಕಷ್ಟದಲ್ಲಿದ್ದಾಗ ಠಾಣೆಗೆ, ಆಸ್ಪತ್ರೆಗೆ ಜೊತೆಗೆ ಹೋಗುವ ಕೆಲಸವನ್ನು ವರ್ಷಗಳಿಂದ ಮಾಡುತ್ತಿದ್ದೇನೆ. ಆದರೂ ಅವತ್ತು ನನ್ನ ಬಳಿ ಸರಿಯಾದ ಉತ್ತರ ಇರಲಿಲ್ಲ. "ಮೊದಲು ಆ ಮನೆಯಿಂದ ಹೊರಗೆ ಬಾ" ಅಂದುಬಿಟ್ಟೆ. ಏನು ಹಿಡಿದುಕೊಂಡು ಬರಬೇಕು ಅಂತ ಹೇಳಲಿಲ್ಲ. ಅವಳು ಬರಿಗಾಲಲ್ಲಿ ಬಂದಳು. ಅಂಕಪಟ್ಟಿ, ಆಧಾರ್, ಎಟಿಎಂ ಕಾರ್ಡ್ ಎಲ್ಲ ಅಲ್ಲೇ ಉಳಿದವು. ಒಂಬತ್ತನೇ ದಿನ ವಾಪಸ್ ಹೋದಳು. ಅವತ್ತು ಅವಳಿಗೆ ಹೇಳಬೇಕಿದ್ದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಸಂಗಾತಿ ನಿಮ್ಮ ಫೋನ್ ತೆಗೆದು ನೋಡುವವರಾದರೆ ಇದನ್ನು ಬೇರೆಯವರ ಫೋನಿನಲ್ಲಿ ಓದಿ. ಈಗಲೇ ಅಪಾಯವಿದ್ದರೆ ಓದುತ್ತಾ ಕೂರಬೇಡಿ, 112ಕ್ಕೆ ಕರೆ ಮಾಡಿ.

ಹಂತ 1: ಆಗುತ್ತಿರುವುದನ್ನು ಹಿಂಸೆ ಅಂತಲೇ ಕರೆಯಿರಿ

"ಇಬ್ಬರೂ ಹುಡುಗೀರು, ಏನೋ ಜಡೆ ಜಗಳ." "ಗಂಡಸಾಗಿ ತಿರುಗಿ ನಾಲ್ಕು ಬಾರಿಸೋಕಾಗಲ್ವಾ?" ಈ ಮಾತು ಹೊರಗಿನವರ ಬಾಯಲ್ಲಷ್ಟೇ ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು. ಪೆಟ್ಟು ತಿಂದವರೇ ತಮಗೆ ತಾವು ಹೀಗೆ ಹೇಳಿಕೊಳ್ಳುವುದನ್ನು ಕೇಳಿದ್ದೇನೆ. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ 2010ರಲ್ಲಿ ನಡೆಸಿದ ದೊಡ್ಡ ಸಮೀಕ್ಷೆಯಲ್ಲಿ, ಶೇ. 43.8ರಷ್ಟು ಲೆಸ್ಬಿಯನ್ ಮಹಿಳೆಯರು ಬದುಕಿನಲ್ಲಿ ಒಮ್ಮೆಯಾದರೂ ಸಂಗಾತಿಯಿಂದ ಹೊಡೆತ, ಅತ್ಯಾಚಾರ ಅಥವಾ ಬೆನ್ನುಹತ್ತಿ ಕಾಡುವುದನ್ನು ಅನುಭವಿಸಿದ್ದಾಗಿ ಹೇಳಿದ್ದರು. ಅವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮಂದಿಗೆ ಹಿಂಸೆ ಕೊಟ್ಟವರು ಹೆಂಗಸರು ಮಾತ್ರ. ಗೇ ಪುರುಷರಲ್ಲಿ ಈ ಪ್ರಮಾಣ ಶೇ. 26. ನಿಮಗೊಬ್ಬರಿಗೇ ಬಂದ ಗ್ರಹಚಾರ ಇದು ಅಂದುಕೊಳ್ಳಬೇಡಿ.

ಹೊಡೆಯುವವರು ಯಾರು ಅಂತ ಮೈಕಟ್ಟು ನೋಡಿ ಹೇಳಲಾಗದು. ಪ್ಯಾಂಟು ಶರ್ಟು ಹಾಕುವವಳೇ ಹೊಡೆದಿರಬೇಕು, ಪಂಥಿಯೇ (ಗಂಡಸಿನ ನಡೆನುಡಿಯವನೇ) ಹೊಡೆದಿರಬೇಕು, ಕೋತಿ (ಹೆಣ್ಣಿನ ನಡೆನುಡಿಯವನು) ಪಾಪ ಅನ್ನುವ ಲೆಕ್ಕ ಎಷ್ಟೋ ಸಲ ತಪ್ಪಿದೆ. ನಾನು ಕೇಳುವ ಪ್ರಶ್ನೆಯೇ ಬೇರೆ. ಸಂಜೆ ಗೇಟಿನ ಸದ್ದಾದಾಗ ಯಾರ ಎದೆ ಡವಗುಟ್ಟುತ್ತದೆ? ಯಾರ ಮುಖ ನೋಡಿಕೊಂಡು ಯಾರು ಅಡುಗೆ, ಬಟ್ಟೆ, ಫೋನ್ ಕರೆ, ಸ್ನೇಹಿತರು ಎಲ್ಲವನ್ನೂ ಬದಲಾಯಿಸಿಕೊಂಡಿದ್ದಾರೆ? ಹಾಗೆ ಹೆದರಿ ಬದುಕುತ್ತಿರುವವರು ಒಂದು ದಿನ ತಡೆಯಲಾಗದೆ ತಿರುಗಿ ತಳ್ಳಿರಬಹುದು. ಅದರಿಂದ "ಇಬ್ಬರದೂ ತಪ್ಪು" ಆಗಿಬಿಡುವುದಿಲ್ಲ.

ಹೊಡೆತವಿಲ್ಲದೆಯೂ ಹಿಂಸೆ ನಡೆಯುತ್ತದೆ. ಸಂಬಳದ ಕಾರ್ಡ್ ಕಿತ್ತಿಟ್ಟುಕೊಳ್ಳುವುದು, ಎಚ್‌ಐವಿಗೆ ನುಂಗುವ ಎಆರ್‌ಟಿ ಮಾತ್ರೆಯನ್ನೋ ಹಾರ್ಮೋನ್ ಇಂಜೆಕ್ಷನ್ನನ್ನೋ ಬಚ್ಚಿಡುವುದು, "ನೀನು ನಿಜವಾದ ಲೆಸ್ಬಿಯನ್ನೇ ಅಲ್ಲ" ಅಂತ ಚುಚ್ಚುವುದು, ಟ್ರಾನ್ಸ್ ಸಂಗಾತಿಯನ್ನು ಬೇಕೆಂದೇ ಹಳೇ ಹೆಸರಿನಿಂದ ಕರೆಯುವುದು. ಎಲ್ಲಕ್ಕಿಂತ ಹೆಚ್ಚಾಗಿ ನಾನು ಕೇಳುವುದು ಈ ಒಂದು ಮಾತನ್ನು: "ಬಿಟ್ಟು ಹೋಗು ನೋಡೋಣ, ನಿಮ್ಮಪ್ಪನಿಗೆ, ನಿನ್ನ ಆಫೀಸಿಗೆ ಫೋಟೋ ಕಳಿಸ್ತೀನಿ."

ಒಂದು ಗುರುತನ್ನು ಮಾತ್ರ ಯಾವ ಕಾರಣಕ್ಕೂ ಹಗುರವಾಗಿ ತೆಗೆದುಕೊಳ್ಳಬೇಡಿ. ಸಂಗಾತಿ ನಿಮ್ಮ ಕತ್ತು ಹಿಸುಕಿದ್ದರೆ, ಅದು ಐದೇ ಸೆಕೆಂಡ್ ಆಗಿದ್ದರೂ, ಮೇಲೆ ಗುರುತೇ ಇಲ್ಲದಿದ್ದರೂ ಅವತ್ತೇ ಆಸ್ಪತ್ರೆಗೆ ಹೋಗಿ. ಒಳಗಿನ ಬಾವು ಗಂಟೆಗಳ ನಂತರವೂ ಉಸಿರು ಕಟ್ಟಿಸಬಹುದು. ಕತ್ತಿಗೆ ಕೈ ಹಾಕಿದವರು ಮುಂದೆ ಜೀವಕ್ಕೇ ಅಪಾಯ ತರುವ ಸಂಭವ ಹೆಚ್ಚು.

ಹಂತ 2: ಗುಟ್ಟನ್ನು ಅವರ ಕೈಯಿಂದ ಬಿಡಿಸಿಕೊಳ್ಳಿ

ಮದುವೆಯಾದ ಹೆಂಗಸಿಗೆ ಏನಿಲ್ಲವೆಂದರೂ ತವರು ಅನ್ನುವುದೊಂದು ಇರುತ್ತದೆ. ಬೈದುಕೊಂಡಾದರೂ ಬಾಗಿಲು ತೆರೆಯುತ್ತಾರೆ. ನಮ್ಮಲ್ಲಿ ಎಷ್ಟೋ ಜನ ಈ ಸಂಗಾತಿಗಾಗಿಯೇ ತವರು ಬಿಟ್ಟು ಬಂದವರು. ಇನ್ನು ಕೆಲವರ ಮನೆಯಲ್ಲಿ ಸಂಗಾತಿ ಎಂದರೆ "ರೂಮ್‌ಮೇಟ್". ಹಾಗಾಗಿ ಹೊಡೆತದ ಸುದ್ದಿ ಹೇಳಬೇಕೆಂದರೆ ಸಂಬಂಧದ ಸುದ್ದಿಯನ್ನೂ ಹೇಳಬೇಕು, ಅಲ್ಲಿಗೆ ಬಾಯಿ ಕಟ್ಟಿಹೋಗುತ್ತದೆ. ಹಿಂಸೆ ಕೊಡುವವರ ಬಲವೆಲ್ಲ ನಿಂತಿರುವುದು ಇದರ ಮೇಲೇ. ನನ್ನ ಅನುಭವದಲ್ಲಿ ಬ್ಯಾಗ್ ಕಟ್ಟುವುದಕ್ಕಿಂತ ಮೊದಲು ಆಗಬೇಕಾದ ಕೆಲಸವೂ ಇದೇ.

ಊರಿಗೆಲ್ಲ ಸಾರಬೇಕಿಲ್ಲ. ಒಬ್ಬರೇ ಒಬ್ಬರನ್ನು ಆರಿಸಿ: ಕಾಲೇಜಿನ ಗೆಳತಿ, ಕೆಲಸದ ಜಾಗದ ಹಿರಿಯರು, ಚಿಕ್ಕಮ್ಮ, ಯಾರಾದರೂ ಸರಿ. ನಿಮ್ಮಿಬ್ಬರ ಸಾಮಾನ್ಯ ಸ್ನೇಹಿತರು ಬೇಡ. ನಮ್ಮ ಸಮುದಾಯ ಚಿಕ್ಕದು, ಬೆಳಗ್ಗೆ ಹೇಳಿದ್ದು ಸಂಜೆಗೆ ಸಂಗಾತಿಯ ಕಿವಿಗೆ ಬಿದ್ದಿರುತ್ತದೆ. ಹೇಳುವಾಗ ಎರಡನ್ನೂ ಹೇಳಿ, ಸಂಬಂಧವನ್ನೂ ಹೊಡೆತವನ್ನೂ. ಬಾಯಲ್ಲಿ ಹೇಳಲಾಗದಿದ್ದರೆ ಬರೆದು ತೋರಿಸಿ. ಜೊತೆಗೆ ಒಂದು ಗುರುತಿನ ಮಾತು ಗೊತ್ತುಮಾಡಿಕೊಳ್ಳಿ. ಒಬ್ಬರು "ಇಡ್ಲಿ ಹಿಟ್ಟು ಮಿಕ್ಕಿದೆ, ಬೇಕಾ?" ಅಂತ ಮೆಸೇಜ್ ಹಾಕಿದರೆ ಗೆಳತಿ ತಕ್ಷಣ 112ಕ್ಕೆ ಕರೆ ಮಾಡಿ ವಿಳಾಸ ಹೇಳಬೇಕು ಅಂತ ಮಾಡಿಕೊಂಡಿದ್ದರು. ಎರಡು ಸಲ ಅದು ಕೆಲಸಕ್ಕೆ ಬಂತು.

ಮನೆಯವರಿಗೆ ಗೊತ್ತಾಗಿಬಿಡುವುದು ಖಚಿತ ಅನ್ನಿಸಿದರೆ, ಸಂಗಾತಿಯ ಬಾಯಿಂದ ಹೋಗುವ ಮುಂಚೆ ನೀವೇ ಹೇಳುವುದನ್ನು ಯೋಚಿಸಿ. ಸುರಕ್ಷಿತ ಜಾಗಕ್ಕೆ ಹೋದಮೇಲೆ, ಫೋನಿನಲ್ಲಿ. ಮನೆಯವರು ಹಿಡಿದುಕೊಂಡು ಹೋಗಿ ಮದುವೆ ಮಾಡಿಸುವ ಪೈಕಿಯಾದರೆ ಈ ಮಾತು ನಿಮಗಲ್ಲ. ಆಗ ವಕೀಲರ ಜೊತೆ ಮೊದಲು ಮಾತಾಡಿ.

ಹಂತ 3: ಕಾಗದ, ಹಣ, ಫೋನ್

ಹೊರಡುವ ದಿನವೇ ಎಲ್ಲ ಹುಡುಕಿಕೊಳ್ಳಲು ಹೋದರೆ ಸಿಕ್ಕಿಬೀಳುತ್ತೀರಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಪ್ಯಾನ್, ಪಾಸ್‌ಪೋರ್ಟ್, ಬಾಡಿಗೆ ಕರಾರು, ಆಸ್ಪತ್ರೆ ಚೀಟಿಗಳನ್ನು ಒಂದೊಂದಾಗಿ ಆ ನಂಬಿಕಸ್ಥರ ಮನೆ ಸೇರಿಸಿ. ಅದಾಗದಿದ್ದರೆ ಪ್ರತಿಯೊಂದರ ಫೋಟೋ ತೆಗೆದು ಕಳಿಸಿ, ನಿಮ್ಮ ಫೋನಿನಿಂದ ಅಳಿಸಿ. ಹತ್ತು ಹದಿನೈದು ದಿನದ ಮಾತ್ರೆ, ಇನ್ನೊಂದು ಬೀಗದ ಕೈ, ಒಂದು ಜೊತೆ ಚಪ್ಪಲಿ ಕೂಡ ಆಚೆ ಇರಲಿ.

ಹಣದಲ್ಲಿ ಎಚ್ಚರ ಹೆಚ್ಚು ಬೇಕು. ಸಲಿಂಗ ಸಂಗಾತಿಗಳು ಜಂಟಿ ಖಾತೆ ತೆರೆಯಲು, ಒಬ್ಬರನ್ನೊಬ್ಬರು ನಾಮಿನಿ ಮಾಡಲು ಅಡ್ಡಿಯಿಲ್ಲವೆಂದು ಕೇಂದ್ರ ಹಣಕಾಸು ಇಲಾಖೆ 2024ರ ಆಗಸ್ಟ್ 28ರಂದು ಸ್ಪಷ್ಟಪಡಿಸಿತು. ಒಳ್ಳೆಯದೇ. ಆದರೆ ಇಬ್ಬರಲ್ಲಿ ಯಾರಾದರೂ ಹಣ ತೆಗೆಯಬಹುದಾದ ಜಂಟಿ ಖಾತೆಯನ್ನು ಒಂದೇ ರಾತ್ರಿಯಲ್ಲಿ ಖಾಲಿ ಮಾಡಬಹುದು. ನಿಮ್ಮೊಬ್ಬರದೇ ಹೆಸರಿನಲ್ಲಿ, ಅವರಿಗೆ ಗೊತ್ತಿಲ್ಲದ ಬ್ಯಾಂಕಿನಲ್ಲಿ ಖಾತೆ ಮಾಡಿ ಸಂಬಳವನ್ನು ಅಲ್ಲಿಗೆ ತಿರುಗಿಸಿ. ಹೊರಟ ದಿನವೇ ಜಂಟಿ ಖಾತೆಯ ವ್ಯವಹಾರ ನಿಲ್ಲಿಸುವಂತೆ ಬ್ಯಾಂಕಿಗೆ ಬರೆದುಕೊಟ್ಟು, ಸೀಲು ಹಾಕಿದ ಪ್ರತಿ ಇಟ್ಟುಕೊಳ್ಳಿ. ಯುಪಿಐ ಪಿನ್ ಬದಲಿಸಿ. ವಿಮೆಯ ನಾಮಿನಿಯನ್ನೂ ನೋಡಿಕೊಳ್ಳಿ.

ಫೋನಿನ ವಿಷಯದಲ್ಲಿ ಜನ ಮಾಡುವ ತಪ್ಪೆಂದರೆ ಬೇಗ ಬದಲಾಯಿಸಿಬಿಡುವುದು. ಲೊಕೇಶನ್ ಹಂಚಿಕೆ ಇದ್ದಕ್ಕಿದ್ದಂತೆ ನಿಂತರೆ ಅವರಿಗೆ ಅನುಮಾನ ಬರುತ್ತದೆ. ಮನೆಯಲ್ಲಿರುವಷ್ಟು ದಿನ ಇದ್ದ ಹಾಗೇ ಇರಲಿ. ಹೊರಟ ತಕ್ಷಣ ವಾಟ್ಸಾಪಿನ ಲಿಂಕ್ಡ್ ಡಿವೈಸಸ್ ಎಲ್ಲ ತೆಗೆಯಿರಿ, ಗೂಗಲ್ ಖಾತೆಯಲ್ಲಿ ನಿಮ್ಮದಲ್ಲದ ಸಾಧನಗಳನ್ನು ಹೊರಹಾಕಿ, ಪಾಸ್‌ವರ್ಡ್ ಬದಲಿಸಿ, ಲೊಕೇಶನ್ ಹಂಚಿಕೆ ನಿಲ್ಲಿಸಿ. ಸ್ಕೂಟರ್ ಡಿಕ್ಕಿ, ಬ್ಯಾಗಿನ ಒಳಜೇಬು ತಡವಿ ನೋಡಿ. ಟ್ರ್ಯಾಕರುಗಳು ಈಗ ನಾಣ್ಯದಷ್ಟು ಚಿಕ್ಕವು.

ಹಂತ 4: ಎಲ್ಲಿಗೆ ಹೋಗುವುದು

ಹೆಂಗಸರಿಗೆ ದಾರಿಗಳಿವೆ. 181 ಮಹಿಳಾ ಸಹಾಯವಾಣಿ, ಜಿಲ್ಲಾಸ್ಪತ್ರೆಗಳ ಬಳಿಯ ಸಖಿ ಒನ್ ಸ್ಟಾಪ್ ಸೆಂಟರ್, ತಾಲ್ಲೂಕುಗಳ ಸಾಂತ್ವನ ಕೇಂದ್ರ. ಸಖಿಯಲ್ಲಿ ಕೆಲವು ದಿನ ಉಳಿಯಲು ಜಾಗ, ವೈದ್ಯಕೀಯ ನೆರವು, ಆಪ್ತ ಸಮಾಲೋಚನೆ ಒಂದೇ ಕಡೆ ಸಿಗುತ್ತವೆ. ಎಲ್ಲರೂ ಕೇಳುವ ಮೊದಲ ಪ್ರಶ್ನೆ "ಗಂಡ ಏನ್ಮಾಡ್ತಾನೆ?" ಅದಕ್ಕೆ "ಒಂದೇ ಮನೆಯಲ್ಲಿ ವಾಸ ಇರೋರು ಹೊಡೀತಾರೆ" ಅಂದರೆ ಸಾಕು. ಅಷ್ಟರಮೇಲೆ ಎಷ್ಟು ಹೇಳಬೇಕೆಂಬುದು ನಿಮ್ಮಿಷ್ಟ. ಇಲ್ಲೂ ನಿಮ್ಮ ಸಂಗಾತಿ "ನಾನವಳ ಅಕ್ಕ" ಅಂತ ಒಳಗೆ ಬರಬಹುದು, ಹೆಣ್ಣೆಂದು ಬಿಟ್ಟುಬಿಡುತ್ತಾರೆ. ಸೇರುವಾಗಲೇ ಸಿಬ್ಬಂದಿಗೆ ಅವರ ಹೆಸರು, ಫೋಟೋ ಕೊಟ್ಟಿರಿ. ಟ್ರಾನ್ಸ್ ಸಮುದಾಯದವರಿಗೆ ಗರಿಮಾ ಗೃಹ ಎಂಬ ಆಶ್ರಯ ಯೋಜನೆ ಇದೆ.

ಗಂಡಸರಿಗೆ? ಸಂಗಾತಿಯ ಹೊಡೆತ ತಪ್ಪಿಸಿಕೊಂಡು ಬಂದ ಗಂಡಸಿಗೆಂದು ಮಾಡಿದ ಸರ್ಕಾರಿ ಆಶ್ರಯ ನಾನು ಕಂಡಿಲ್ಲ. ಇದನ್ನು ಬರೆಯಲು ಸಂಕಟವಾಗುತ್ತದೆ, ಆದರೆ ಇಲ್ಲದ ಬಾಗಿಲು ತೋರಿಸಬಾರದು. ಒಂದು ತಿಂಗಳ ಪಿಜಿ ಬಾಡಿಗೆ, ಅದರ ಅಡ್ವಾನ್ಸ್, ಊಟದ ಖರ್ಚು ಕೈಯಲ್ಲಿಟ್ಟುಕೊಂಡೇ ಹೊರಡುವ ಹಾಗೆ ನೋಡಿಕೊಳ್ಳಿ. ಬೆಂಗಳೂರಿನಲ್ಲಿ 1994ರಿಂದ ಇರುವ ಗುಡ್ ಆ್ಯಸ್ ಯೂ ಬಳಗ, ಸಂಗಮ, ಜೀವ, ಹೆಂಗಸರಿಗಾದರೆ ವಿಮೋಚನಾ, ಕಾನೂನಿಗೆ ಆಲ್ಟರ್ನೇಟಿವ್ ಲಾ ಫೋರಂ, ಇಂಥ ಕಡೆ ವಿಚಾರಿಸಿದರೆ ಜೊತೆಗೆ ಬರುವ ಒಂದು ಕೈಯಾದರೂ ಸಿಕ್ಕೀತು.

ಹಂತ 5: ಗಾಯಕ್ಕೆ ಕಾಗದ ಮಾಡಿಸಿ

ಸರ್ಕಾರಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ "ಹೊಡೆದಿದ್ದಾರೆ, ಎಂಎಲ್‌ಸಿ ಮಾಡಿ" ಅನ್ನಿ. ಎಂಎಲ್‌ಸಿ ಎಂದರೆ ಪೊಲೀಸ್ ಕೇಸಿಗೆ ಬೇಕಾಗುವ ವೈದ್ಯರ ದಾಖಲೆ. ನಾಚಿಕೆಗೆ "ಬಚ್ಚಲಲ್ಲಿ ಜಾರಿಬಿದ್ದೆ" ಅಂದರೆ ಆ ಎರಡು ಪದ ಕೇಸ್ ಮುಗಿಯುವವರೆಗೂ ನಿಮ್ಮ ಬೆನ್ನು ಬಿಡುವುದಿಲ್ಲ. ಯಾವುದರಿಂದ ಹೊಡೆದರು, ಎಷ್ಟು ಹೊತ್ತಿಗೆ, ಎಲ್ಲೆಲ್ಲಿ ನೋವಿದೆ ಎಲ್ಲ ಹೇಳಿ, ಬರೆದುಕೊಂಡರೇ ನೋಡಿ. ಮುಂದೆ ಪೊಲೀಸರು ಕೇಳುವ ವೂಂಡ್ ಸರ್ಟಿಫಿಕೇಟ್ ಇದರಿಂದಲೇ ಬರುತ್ತದೆ.

ಫೋಟೋವನ್ನು ಅವತ್ತೂ ತೆಗೆಯಿರಿ, ಎರಡು ದಿನ ಬಿಟ್ಟೂ ತೆಗೆಯಿರಿ. ಕಂದಿದ ಗಾಯ ಎದ್ದು ಕಾಣುವುದು ಆಗಲೇ. ಒಂದರಲ್ಲಾದರೂ ನಿಮ್ಮ ಮುಖ ಕಾಣಲಿ. ಬೆದರಿಕೆಯ ಮೆಸೇಜಿನ ಸ್ಕ್ರೀನ್‌ಶಾಟಿನಲ್ಲಿ ಸೇವ್ ಮಾಡಿದ ಹೆಸರಿನ ಜೊತೆ ನಂಬರೂ ತಾರೀಖೂ ಕಾಣಬೇಕು. ಮೂಲ ಮೆಸೇಜ್ ಅಳಿಸಬೇಡಿ, ಫೋನ್ ಮಾರಬೇಡಿ. ಕೋರ್ಟಿನಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕಾಗುತ್ತದೆ.

ಹಂತ 6: ಕಾನೂನಿನಲ್ಲಿ ಏನಿದೆ, ಏನಿಲ್ಲ

ಇಲ್ಲದ್ದನ್ನು ಮೊದಲು ಹೇಳುತ್ತೇನೆ. 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ ಸಲಿಂಗ ಸಂಗಾತಿಗಳಿಗೆ ಅನ್ವಯಿಸುವುದಿಲ್ಲವೆಂದು ಸುಪ್ರೀಂ ಕೋರ್ಟ್ 2013ರ ಇಂದ್ರಾ ಶರ್ಮಾ ತೀರ್ಪಿನಲ್ಲಿ ಹೇಳಿದೆ: ಅದು "ಮದುವೆಯ ಸ್ವರೂಪದ ಸಂಬಂಧ" ಆಗುವುದಿಲ್ಲವಂತೆ. 2016ರ ಹಿರಲ್ ಹರ್ಸೋರಾ ತೀರ್ಪು ಪ್ರತಿವಾದಿ "ವಯಸ್ಕ ಪುರುಷ"ನೇ ಆಗಿರಬೇಕೆಂಬ ಪದಗಳನ್ನು ತೆಗೆದುಹಾಕಿತು, ಹೆಂಗಸಿನ ಮೇಲೂ ಅರ್ಜಿ ಹಾಕಬಹುದಾಯಿತು. ಆದರೆ ಸಂಬಂಧದ ಬಾಗಿಲು ಮುಚ್ಚೇ ಇದೆ. 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಸಲಿಂಗ ವಿವಾಹಕ್ಕೂ ಮಾನ್ಯತೆ ಸಿಗಲಿಲ್ಲ. ಹೀಗಾಗಿ ಸಂಗಾತಿಯ ವಿರುದ್ಧ ರಕ್ಷಣಾ ಆದೇಶ, ಜೀವನಾಂಶ ಈ ಕಾಯ್ದೆಯಡಿ ಸಿಗುತ್ತವೆಂದು ನಂಬಿ ಕೂರಬೇಡಿ. ಅದೇ ಅಪ್ಪ, ಅಣ್ಣ, ತಾಯಿ ಹೊಡೆಯುತ್ತಿದ್ದರೆ ಮಗಳು ಇದೇ ಕಾಯ್ದೆಯಡಿ ಸಂರಕ್ಷಣಾಧಿಕಾರಿಯ ಬಳಿ ಹೋಗಬಹುದು. ರಕ್ತಸಂಬಂಧ ಅದರೊಳಗೆ ಬರುತ್ತದೆ.

ಇನ್ನೊಂದು ದೊಡ್ಡ ಕಂದಕ ಗಂಡಸರ ಪಾಲಿನದು. 2018ರ ಸೆಪ್ಟೆಂಬರ್ 6ರಂದು ಹಳೇ ದಂಡ ಸಂಹಿತೆಯ 377ನೇ ಕಲಂನಿಂದ ಒಪ್ಪಿತ ಸಂಬಂಧ ಹೊರಬಂದಮೇಲೂ ಬಲಾತ್ಕಾರಕ್ಕೆ ಆ ಕಲಂ ಉಳಿದಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು ಇಲ್ಲವೇ ಇಲ್ಲ. ಗಂಡಸಿನ ಮೇಲೆ ಗಂಡಸು ಮಾಡಿದ ಅತ್ಯಾಚಾರಕ್ಕೆ ಅದರಲ್ಲಿ ಪ್ರತ್ಯೇಕ ಕಲಂ ಇಲ್ಲ, ಹಲ್ಲೆ, ಗಾಯ, ಕೂಡಿಹಾಕಿದ್ದಕ್ಕೆ ದೂರು ಕೊಡಬೇಕು. ಇದು ಅನ್ಯಾಯ, ಬದಲಾಗಲೇಬೇಕು.

ಈಗ ಇರುವುದು. ಹೊಡೆತ ಯಾರು ಯಾರಿಗೆ ಹೊಡೆದರೂ ಅಪರಾಧ. ಅದಕ್ಕೆ ಸಂಬಂಧದ ಹೆಸರು ಬೇಕಿಲ್ಲ. ಬಕೆಟ್ ತುಂಬಿಸಿಕೊಂಡು ಕೂತಿದ್ದ ಆ ಹುಡುಗಿಗೆ ನಾನು ಹೇಳಬೇಕಿದ್ದ ಉತ್ತರ ಇಷ್ಟೇ ಆಗಿತ್ತು. ಆದರೆ ಬರೆಯುವ ರೀತಿಯಲ್ಲಿ ದೊಡ್ಡ ವ್ಯತ್ಯಾಸವಿದೆ. "ಕೈಯಿಂದ ಹೊಡೆದರು" ಅಂತಷ್ಟೇ ಬರೆದರೆ ಅದು ನ್ಯಾಯ ಸಂಹಿತೆಯ 115(2), ಅಸಂಜ್ಞೇಯ, ಅಂದರೆ ಪೊಲೀಸರು ತಾವಾಗಿ ತನಿಖೆ ಮಾಡಲಾಗದ್ದು. ಎಫ್‌ಐಆರ್ ಆಗುವುದಿಲ್ಲ, ಎನ್‌ಸಿಆರ್ ಎಂಬ ಬರೀ ನೋಂದಣಿ ಚೀಟಿ ಕೊಟ್ಟು ಕಳಿಸುತ್ತಾರೆ. ಕೋಣೆಯಲ್ಲಿ ಕೂಡಿ ಬೀಗ ಹಾಕಿದ್ದರೆ 127, ದಾರಿ ಅಡ್ಡಗಟ್ಟಿದ್ದರೆ 126, ಚಾಕು, ಕಾದ ಕಾವಲಿಯಂಥದ್ದರಿಂದ ಗಾಯ ಮಾಡಿದ್ದರೆ 118, ಮೂಳೆ ಮುರಿದಿದ್ದರೆ 117, ಗುಟ್ಟು ಬಯಲು ಮಾಡುತ್ತೇನೆಂದು ಹೆದರಿಸಿ ಹಣ ಕಿತ್ತಿದ್ದರೆ 308. ಇವಕ್ಕೆ ಪೊಲೀಸರು ಎಫ್‌ಐಆರ್ ಮಾಡಬೇಕು. ಮರ್ಯಾದೆ ತೆಗೆಯುವ ಬೆದರಿಕೆ 351ರಲ್ಲಿ ಬರುತ್ತದೆ. ಹೆಣ್ಣಿನ ಮಾನಕ್ಕೆ ಧಕ್ಕೆ ತರುವ ಹಲ್ಲೆಯ 74ನೇ ಕಲಂ ಹೆಂಗಸಿನ ಮೇಲೂ ಹಾಕಬಹುದು. ಖಾಸಗಿ ಫೋಟೋ ತೆಗೆದಿದ್ದರೆ, ಹರಿಬಿಟ್ಟಿದ್ದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಗಂಡು ಹೆಣ್ಣೆನ್ನದೆ ಎಲ್ಲರಿಗೂ ಇದೆ. ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕೂಡಲೇ ಕರೆ ಮಾಡಿ. ಎಚ್‌ಐವಿ ಇದೆಯೆಂದು ಸಾರುವ ಬೆದರಿಕೆ ಹಾಕಿದರೆ 2017ರ ಎಚ್‌ಐವಿ ಕಾಯ್ದೆ ನಿಮ್ಮ ಪರ ಇದೆ. ಟ್ರಾನ್ಸ್ ವ್ಯಕ್ತಿಗೆ ಹಿಂಸೆ ಕೊಟ್ಟರೆ 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ಸಂರಕ್ಷಣಾ ಕಾಯ್ದೆಯ 18ನೇ ಕಲಂ ಬಗ್ಗೆ ವಕೀಲರನ್ನು ಕೇಳಿ. ಆಗಿಲ್ಲದ್ದನ್ನು ಮಾತ್ರ ಸೇರಿಸಬೇಡಿ, ಒಂದು ಸುಳ್ಳು ಹತ್ತು ನಿಜವನ್ನು ಕೆಡಿಸುತ್ತದೆ.

ದೂರು ಹೀಗಿರಲಿ:

"ನಾನು ಮೇಲ್ಕಂಡ ವಿಳಾಸದಲ್ಲಿ ಇವರೊಂದಿಗೆ ಮೂರು ವರ್ಷದಿಂದ ವಾಸವಾಗಿರುತ್ತೇನೆ. ದಿನಾಂಕ 4ರಂದು ರಾತ್ರಿ ಸುಮಾರು 9 ಗಂಟೆಗೆ ಇವರು ನನ್ನ ಮೊಬೈಲ್ ಕಿತ್ತುಕೊಂಡು, ಕೋಣೆಗೆ ತಳ್ಳಿ ಹೊರಗಿನಿಂದ ಚಿಲಕ ಹಾಕಿರುತ್ತಾರೆ. ಬೆಳಗ್ಗೆ 6 ಗಂಟೆವರೆಗೆ ಬಿಟ್ಟಿರುವುದಿಲ್ಲ. ನಂತರ ಕುಕ್ಕರ್ ಮುಚ್ಚಳದಿಂದ ಎಡ ಭುಜಕ್ಕೆ ಹೊಡೆದಿರುತ್ತಾರೆ. ಹೊರಗೆ ಹೇಳಿದರೆ ನನ್ನ ಫೋಟೋಗಳನ್ನು ನನ್ನ ತಂದೆಗೆ ಕಳಿಸುವುದಾಗಿ ಬೆದರಿಸಿರುತ್ತಾರೆ. ನನಗೆ ಜೀವಭಯವಿರುತ್ತದೆ. ಕಾನೂನು ಕ್ರಮ ಜರುಗಿಸಿ ರಕ್ಷಣೆ ಕೊಡಬೇಕಾಗಿ ಕೋರುತ್ತೇನೆ."

ಇದರಲ್ಲಿ ಪ್ರೀತಿ, ಸಲಿಂಗ ಅನ್ನುವ ಪದಗಳಿಲ್ಲ. ಇರಬೇಕೆಂಬ ಕಡ್ಡಾಯವೂ ಇಲ್ಲ. ಅವರು ನೇರವಾಗಿ ಕೇಳಿದರೆ ಸುಳ್ಳು ಹೇಳಬೇಡಿ. "ಒಂದೇ ಮನೆಯಲ್ಲಿ ಇದ್ದೆವು, ನಡೆದದ್ದು ಬರೆದಿದ್ದೇನೆ" ಅನ್ನಿ.

ಹಂತ 7: ಠಾಣೆಯೊಳಗೆ

ಒಬ್ಬರೇ ಹೋಗಬೇಡಿ. ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಸರಹದ್ದಿನ ನೆಪ ಹೇಳುವಂತಿಲ್ಲ. ಆನ್‌ಲೈನಿನಲ್ಲಿ ಕಳಿಸಿದರೆ ಮೂರು ದಿನದೊಳಗೆ ಹೋಗಿ ಸಹಿ ಮಾಡಬೇಕು. ಎಫ್‌ಐಆರ್ ಪ್ರತಿ ಉಚಿತ. ದೂರು ತೆಗೆದುಕೊಳ್ಳದಿದ್ದರೆ, ಯಾಕೆ ಎಂದು ಬರವಣಿಗೆಯಲ್ಲಿ ಹಿಂಬರಹ ಕೇಳಿ. "ಹಿಂಬರಹ ಕೊಡಿ ಸಾರ್" ಎಂಬ ಒಂದೇ ಮಾತಿಗೆ ರೈಟರ್ ಪೆನ್ನು ಎತ್ತಿಕೊಂಡದ್ದನ್ನು ಕಣ್ಣಾರೆ ಕಂಡಿದ್ದೇನೆ. ಅದಕ್ಕೂ ಬಗ್ಗದಿದ್ದರೆ ನೋಂದಾಯಿತ ಅಂಚೆಯಲ್ಲಿ ಎಸ್‌ಪಿಗೆ, ಬೆಂಗಳೂರಲ್ಲಾದರೆ ಡಿಸಿಪಿಗೆ ಕಳಿಸಿ, ಆಮೇಲೆ ಮ್ಯಾಜಿಸ್ಟ್ರೇಟ್ ಬಳಿ ಹೋಗುವ ದಾರಿಯಿದೆ.

ಇಬ್ಬರನ್ನೂ ಕರೆಸಿ "ಫ್ರೆಂಡ್ಸ್ ತಾನೇ, ರಾಜಿ ಮಾಡ್ಕೊಳ್ಳಿ" ಅನ್ನುವುದು ಮಾಮೂಲು. ರಾಜಿ ಪತ್ರಕ್ಕೆ ಸಹಿ ಹಾಕಬೇಡಿ. ಬದಲಿಗೆ ಸುರಕ್ಷಾ ಸಂಹಿತೆಯ 126ನೇ ಕಲಂ ಅಡಿ ಶಾಂತಿ ಕಾಪಾಡುವ ಮುಚ್ಚಳಿಕೆ ಬರೆಸಿಕೊಳ್ಳಿ ಅಂತ ಲಿಖಿತವಾಗಿ ಕೇಳಿ. ಒಂದು ವರ್ಷದವರೆಗೂ ಅದು ನಿಲ್ಲುತ್ತದೆ. ರಕ್ಷಣಾ ಆದೇಶ ಸಿಗದ ನಮಗೆ ಸದ್ಯಕ್ಕೆ ಹತ್ತಿರದ ಬದಲಿ ಇದೇ. "ನಿಮ್ಮಪ್ಪನಿಗೆ ಫೋನ್ ಮಾಡ್ತೀನಿ" ಅಂದರೆ "ನಾನು ವಯಸ್ಕಳು, ನನ್ನ ಒಪ್ಪಿಗೆಯಿಲ್ಲ" ಅಂತ ಅದೇ ದೂರಿನ ಕೆಳಗೆ ಬರೆದು ಸಹಿ ಮಾಡಿ. ಮನೆಯವರು ಎಳೆದುಕೊಂಡು ಹೋದರೆ ಸ್ನೇಹಿತರು ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ (ಹಿಡಿದಿಟ್ಟವರನ್ನು ಕೋರ್ಟಿನ ಮುಂದೆ ಕರೆತರಿಸುವ ಅರ್ಜಿ) ಹಾಕಬಹುದು. ಅಂಥ ಪ್ರಕರಣಗಳಲ್ಲಿ ಕೌನ್ಸೆಲಿಂಗ್ ಹೆಸರಿನಲ್ಲಿ ವ್ಯಕ್ತಿಯ ಒಲವು ಬದಲಿಸಲು ಹೋಗಬಾರದೆಂದು ಸುಪ್ರೀಂ ಕೋರ್ಟ್ 2024ರ ಮಾರ್ಚ್‌ನಲ್ಲಿ ಎಲ್ಲ ನ್ಯಾಯಾಲಯಗಳಿಗೆ ಮಾರ್ಗಸೂಚಿ ಕೊಟ್ಟಿದೆ. ವಕೀಲರಿಗೆ ದುಡ್ಡಿಲ್ಲದಿದ್ದರೆ ಉಚಿತ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ. ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಉಚಿತ, ಗಂಡಸರಿಗೆ ಸಾಮಾನ್ಯವಾಗಿ ಆದಾಯ ಮಿತಿಯೊಳಗಿದ್ದರೆ.

ಹಂತ 8: ಹೊರಬಂದ ಮೇಲಿನ ದಿನಗಳು

ಬಿಟ್ಟು ಬಂದ ಮೊದಲ ವಾರಗಳೇ ಎಲ್ಲಕ್ಕಿಂತ ಅಪಾಯದವು. ಮೊದಲು ಅಳು, ಆಮೇಲೆ ಬೆದರಿಕೆ, ಆಮೇಲೆ "ಸಾಯ್ತೀನಿ" ಎಂಬ ಮೆಸೇಜ್ ಬರುತ್ತದೆ. ಸಾಯುವ ಮಾತು ಬಂದರೆ ನೀವು ಓಡಬೇಡಿ, 112ಕ್ಕೆ ಕರೆ ಮಾಡಿ ಅವರ ವಿಳಾಸ ಕೊಡಿ. ಸಾಮಾನು ತರಲು ಹೋಗುವುದಿದ್ದರೆ ಹಗಲಲ್ಲಿ, ಇಬ್ಬರನ್ನು ಕರೆದುಕೊಂಡು, ಠಾಣೆಗೆ ತಿಳಿಸಿ ಹೋಗಿ. ಕರಾರು ಇಬ್ಬರ ಹೆಸರಲ್ಲಿದ್ದರೆ ಓನರಿಗೆ ಬರೆದುಕೊಟ್ಟು ಅಡ್ವಾನ್ಸಿನ ನಿಮ್ಮ ಪಾಲು ಕೇಳಿ.

ನಿದ್ದೆ ಬಾರದಿದ್ದರೆ, ವಾಪಸ್ ಹೋಗಿಬಿಡೋಣ ಅನ್ನಿಸಿದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. "ನಿಮ್ಮ ಒಲವನ್ನೇ ಸರಿಮಾಡೋಣ" ಅನ್ನುವ ವೈದ್ಯರು ಸಿಕ್ಕರೆ ಎದ್ದು ಬನ್ನಿ; ಅಂಥ ಚಿಕಿತ್ಸೆಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ವೃತ್ತಿ ದುರ್ನಡತೆ ಎಂದಿದೆ. ವಾಪಸ್ ಹೋದರೂ ಬೈದುಕೊಳ್ಳಬೇಡಿ. ಆಚೆ ಇಟ್ಟ ಕಾಗದಗಳನ್ನು ಮಾತ್ರ ವಾಪಸ್ ತೆಗೆದುಕೊಂಡು ಹೋಗಬೇಡಿ.

ಇದನ್ನು ಓದುತ್ತಿರುವ ಸ್ನೇಹಿತರಿಗೆ: ಇಬ್ಬರನ್ನೂ ಕೂರಿಸಿ ಪಂಚಾಯ್ತಿ ಮಾಡಬೇಡಿ. "ಹೊರಗೆ ಗೊತ್ತಾದ್ರೆ ನಮ್ಮ ಕಮ್ಯುನಿಟಿ ಮಾನ ಹೋಗುತ್ತೆ" ಅನ್ನಬೇಡಿ, ಪೆಟ್ಟು ತಿಂದವರು ಆ ಮಾತನ್ನು ಮರೆಯುವುದಿಲ್ಲ. ಪ್ರೈಡ್‌ನಲ್ಲೋ ಯಾರದೋ ಹುಟ್ಟುಹಬ್ಬದಲ್ಲೋ ಆ ಸಂಗಾತಿ ಸಿಕ್ಕಿ, ಕಣ್ಣೀರು ಹಾಕಿಕೊಂಡು "ಬರೀ ಸಾರಿ ಕೇಳ್ಬೇಕು, ಈಗ ಎಲ್ಲಿದಾಳೆ ಹೇಳು" ಅಂದರೆ ಗೊತ್ತಿಲ್ಲ ಅನ್ನಿ. ಏರಿಯಾದ ಹೆಸರನ್ನೂ ಹೇಳಬೇಡಿ.